ಸೂಜಿ ಇಳಿದು ಬಂದ ದಾರಿ

ಚೌಡವ್ವನ ಲಿವರನ್ನು ಊರಿನವರೆಲ್ಲ ಓದಿದರು. ಓದದೆ ಉಳಿದವಳು ಚೌಡವ್ವ ಒಬ್ಬಳೇ.

ಎರಡು ಹಾಳೆ, ಅದೂ ಇಂಗ್ಲಿಷು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಅವಳ ಪಕ್ಕೆಯೊಳಗೆ ಸೂಜಿ ಇಳಿಸಿ, ದಾರದಷ್ಟು ಸಣ್ಣ ಲಿವರಿನ ಎಳೆಯೊಂದನ್ನು ತೆಗೆದು, ಪರೀಕ್ಷೆ ಮಾಡಿ ಬರೆದ ವರದಿ. ಗಂಡ ಮಾರೆಪ್ಪ ಗೋವಿನಜೋಳದ ಚೀಲ ಹೊರುವ ಕೆಲಸ ಒಂದು ದಿನ ಬಿಟ್ಟು ಹೋಗಿ ತಂದ. ತಂದವನು ಅದನ್ನು ಶಾಲೆಗೆ ಕೊಟ್ಟ, ಯಾಕೆಂದರೆ ಹೆಡ್ ಮಾಸ್ತರ ಮೃತ್ಯುಂಜಯ ಹಾಗೆಂದು ತಾಕೀತು ಮಾಡಿದ್ದ. ಮಾಸ್ತರ ಅದನ್ನು ಶಾಲಾ ಸಮಿತಿಯ ಅಧ್ಯಕ್ಷ ಕರಿಬಸಪ್ಪಗೌಡನಿಗೆ ಕೊಟ್ಟ. ಕರಿಬಸಪ್ಪ ಫೋಟೊ ಹೊಡೆದು ‘ನಮ್ಮೂರು ನಮ್ಮ ಹೆಮ್ಮೆ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿದ. ಆ ಹೆಮ್ಮೆಯಲ್ಲಿ ಕೇರಿಯವರ ನಂಬರು ಒಂದೂ ಇರಲಿಲ್ಲ. ಶುಭೋದಯದ ಗುಲಾಬಿಗೂ ಯಾರದೋ ಮದುವೆಯ ಕರೆಯೋಲೆಗೂ ನಡುವೆ ಚೌಡವ್ವನ ಲಿವರು ಮಧ್ಯಾಹ್ನದ ತನಕ ಓಡಾಡಿತು. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ತಿಳಿದು ಮುಗಿದರೋ ರೂಢಿಯ ಮೇಲೆ ಮುಗಿದರೋ ಗೊತ್ತಿಲ್ಲ.

ಊರು ತಿಳವಳ್ಳಿಯಿಂದ ಆಚೆ, ಹಾನಗಲ್ಲಿನ ಬಸ್ಸು ಬಂದು ತಿರುಗಿಕೊಂಡು ಹೋಗುವ ಜಾಗ. ಚೌಡವ್ವ ಅಲ್ಲಿಯ ಶಾಲೆಯ ಬಿಸಿಯೂಟದ ಅಡಿಗೆಯವಳು. ಹದಿನಾಲ್ಕು ವರ್ಷ ಆಯಿತು. ನೂರಾ ಎಂಬತ್ತು ಮಕ್ಕಳ ಅನ್ನ. ಅಕ್ಕಿಯ ಹುಳ ಆರಿಸಬೇಕು. ಬೇಳೆಯ ಕಲ್ಲು ಆರಿಸಬೇಕು. ಕುದಿಯುವ ಡಬರಿಯ ಒಂದು ಕಿವಿ ಅವಳು, ಇನ್ನೊಂದು ಕಿವಿ ಜೊತೆಗಾತಿ ಇಮಾಮಬಿ ಹಿಡಿದು ಇಳಿಸಬೇಕು. ಗಂಜಿ ಬಸಿಯುವಾಗ ಹಬೆ ಮುಖಕ್ಕೆ ಹೊಡೆಯುತ್ತದೆ. ಅವಳ ಎರಡೂ ಮುಂಗೈಗಳ ಮೇಲೆ ಸುಟ್ಟ ಕಲೆಗಳಿವೆ. ಎಷ್ಟು ಎಂದು ಅವಳು ಲೆಕ್ಕ ಇಟ್ಟಿಲ್ಲ.

ಮೊದಲ ವರ್ಷ ಮೇಲಿನ ಓಣಿಯ ಮಕ್ಕಳು ಮನೆಯಿಂದ ಡಬ್ಬಿ ತಂದರು. ಎಪ್ಪತ್ತು ಮಕ್ಕಳಿಗೆ ಒಂದೇ ದಿನ ಹೊಟ್ಟೆ ಕೆಟ್ಟಿತ್ತಂತೆ. ಸರಕಾರದ ಸಾಹೇಬರು ಜೀಪಿನಲ್ಲಿ ಬಂದು ಚೌಕಶಿ ಮಾಡಿದ ದಿನ ಎಪ್ಪತ್ತೂ ಹೊಟ್ಟೆಗಳು ಒಮ್ಮೆಲೇ ನೆಟ್ಟಗಾದವು. ಆಮೇಲೆ ಚೌಡವ್ವನ ಬ್ಯಾಳಿ ಸಾರಿನ ಒಗ್ಗರಣೆಯ ವಾಸನೆ ಉಳಿದ ಕೆಲಸ ಮಾಡಿತು. ಮಕ್ಕಳು ಉಂಡರು. ಆದರೂ ಊಟದ ಸಾಲಿಗೊಂದು ಕ್ರಮ ಉಳಿಯಿತು. ಅಡಿಗೆ ಮನೆಯ ಬಾಗಿಲ ಹತ್ತಿರ ಮೇಲಿನ ಓಣಿಯ ಮಕ್ಕಳು, ನಡುವೆ ನಡು ಓಣಿಯವರು, ಕೊನೆಗೆ ಕೇರಿಯವರು. ಬಡಿಸುವುದು ಬಾಗಿಲಿಂದ ಶುರು. ಯಾರೂ ಬರೆದ ನಿಯಮವಲ್ಲ, ಆದರೆ ಯಾರೂ ತಪ್ಪಿಸಿದ್ದಿಲ್ಲ. ದೊಡ್ಡವರು ಸುಮ್ಮನಾಗಿದ್ದರು ಅಷ್ಟೆ, ಮರೆತಿರಲಿಲ್ಲ.

ಈ ವರ್ಷ ಅಡಿಗೆಯವರಿಗೆಲ್ಲ ಆರೋಗ್ಯ ತಪಾಸಣೆ ಆಯಿತು. ಚೌಡವ್ವನ ರಕ್ತದಲ್ಲಿ ಹೆಪಟೈಟಿಸ್ ಸಿ ಸಿಕ್ಕಿತು. ಬಹಳ ವರ್ಷಗಳಿಂದ ಒಳಗೇ ಕೂತಿದೆ, ಹುಬ್ಬಳ್ಳಿಗೆ ಹೋಗು ಎಂದರು. ತಪಾಸಣೆಯ ಶಿಬಿರದಲ್ಲಿ ಫಾರ್ಮು ತುಂಬಿದವನು ಯಾರೋ, ಮುಖ ಎತ್ತಿ ನೋಡದೆ, ಹೆಸರು ಕೇಳಿ ಕೇರಿ ಕೇಳಿ, ‘ಮದ್ಯಪಾನ: ಹೌದು’ ಎಂದು ಗೀಚಿದ್ದ. ಚೌಡವ್ವ ಹುಟ್ಟಿದಾಗಿನಿಂದ ಹೆಂಡ ಮೂಸಿ ನೋಡಿದವಳಲ್ಲ. ಆ ಒಂದು ಗೀಚಿನಿಂದ ಹುಬ್ಬಳ್ಳಿಯ ಡಾಕ್ಟರಿಗೆ ಗೊಂದಲ. ಲಿವರು ಕೆಟ್ಟದ್ದು ವೈರಸ್ಸಿನಿಂದಲೋ ಕುಡಿತದಿಂದಲೋ ತಿಳಿಯಬೇಕು, ಸ್ಕ್ಯಾನಿನ ನಂಬರೂ ಅತ್ತ ಇತ್ತ ಇದೆ, ಒಂದು ಎಳೆ ತೆಗೆದೇ ನೋಡೋಣ ಎಂದರು. ತೆಗೆದರು. ಅದೇ ಈ ವರದಿ.

ಶಾಲಾ ಸಮಿತಿ ಸಭೆ ಸೇರಿತು. ಚೌಡವ್ವನನ್ನು ಕರೆಸಿದರು. ಅವಳು ಬಾಗಿಲ ಹೊರಗೆ ನಿಂತಳು. ಒಳಗೆ ಎರಡು ಖಾಲಿ ಕುರ್ಚಿಗಳಿದ್ದವು.

“ಇದು ಜಾತಿ ಮಾತಲ್ಲ ನೋಡ್ರಿ,” ಎಂದ ಕರಿಬಸಪ್ಪ. ಯಾರೂ ಜಾತಿಯ ಮಾತು ಎತ್ತಿರಲಿಲ್ಲ.

“ಅಲ್ರಿ, ಅಲ್ಲ,” ಎಂದಿತು ಸಭೆ.

“ಇದು ವೈದ್ಯಕೀಯ.”

“ಹೌದ್ರಿ. ವೈದ್ಯಕೀಯ.”

ಹದಿನಾಲ್ಕು ವರ್ಷ ಹುಡುಕುತ್ತಿದ್ದ ಶಬ್ದ ಕೊನೆಗೂ ಸಿಕ್ಕಿತ್ತು. ಎಲ್ಲರೂ ಅದನ್ನು ಒಂದೊಂದು ಸಲ ಅಂದು ನೋಡಿದರು. ಬಾಯಿಗೆ ಹಿತವಾಗಿತ್ತು.

ಕರಿಬಸಪ್ಪ ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟ. “ಇಲ್ಲಿ ನೋಡ್ರಿ. ನಾಕಕ್ಕ ಮೂರು ಕೊಟ್ಟಾರ. ಚೌಡಿ ಸಾಲ್ಯಾಗ ಎಂದೂ ಇಷ್ಟ ಮಾರ್ಕ್ಸ್ ತಗೊಂಡಿದ್ದಿಲ್ಲ.”

ಸಭೆ ನಕ್ಕಿತು. ಮಾಸ್ತರನೂ ನಕ್ಕ. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಲಿವರಿನ ಇಂಗ್ಲಿಷು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳುವ ಚಾಳಿಯೂ ಇರಲಿಲ್ಲ.

“ಲಿವರ ಹೋಗೂದು ಕುಡದ್ರನ,” ಎಂದ ಕರಿಬಸಪ್ಪ. “ಕುಡೀಲಾರದ ಹ್ಯಾಂಗ ಹೋಗ್ತತಿ?”

“ಗೌಡ್ರ, ನಾ ಕುಡಿಯಂಗಿಲ್ರಿ.”

“ಹೌದವಾ. ನಿಮ್ಮ ಕೇರ್ಯಾಗ ಯಾರೂ ಕುಡಿಯಂಗಿಲ್ಲ. ಸೆರೆ ಅಂಗಡಿ ನಮ್ಮ ಪುಣ್ಯಾಕ ನಡದಾವು.”

ಮತ್ತೆ ನಗು. ಚೌಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದಳು. ಬೆರಳು ಬೆಳ್ಳಗಾಯಿತು.

ಠರಾವು ಬರೆಯಲು ಮಾಸ್ತರ ಪುಸ್ತಕ ತೆಗೆದ. ‘ಅಡಿಗೆಯವಳಾದ ಚೌಡವ್ವ’ ಎಂದು ಬರೆಯಲು ಹೋಗಿ ಪೆನ್ನು ಎತ್ತಿಕೊಂಡ. “ಹೆಸರು ಬರದ್ರ ತ್ರಾಸ ಐತ್ರಿ ಗೌಡ್ರ. ಆ ಕಾಯ್ದೆ ಗೊತ್ತೈತಲ್ರಿ, ನಾಳೆ ಹಾನಗಲ್ಲ ಠಾಣೆಗೆ ಅಡ್ಡಾಡಬೇಕಾಗ್ತೈತಿ.”

“ಮತ್ತ?”

“ಎಲ್ಲಾರಿಗೂ ಹತ್ತೂವಂಗ ಬರಿಯೂನ್ರಿ. ಊರಿನ ಯಾವುದೇ ವ್ಯಕ್ತಿ ಅಂತ.”

ಆ ಜಾಣತನಕ್ಕೆ ಸಭೆ ತಲೆದೂಗಿತು. ಮಾಸ್ತರ ದುಂಡಗೆ ಬರೆದ: ‘ಸದರಿ ರೋಗವಿರುವ ಊರಿನ ಯಾವುದೇ ವ್ಯಕ್ತಿಯು ಶಾಲೆಯ ಅಡಿಗೆ ಮನೆಯನ್ನೂ ನೀರಿನ ಟಾಕಿಯನ್ನೂ ಮುಟ್ಟತಕ್ಕದ್ದಲ್ಲ. ಶಾಲೆಯಲ್ಲಾಗಲಿ ಊರಿನ ಯಾವುದೇ ಸಾರ್ವಜನಿಕ ಊಟ, ಚಹಾದಲ್ಲಾಗಲಿ ತಮ್ಮ ತಾಟು, ಗ್ಲಾಸು ತಾವೇ ತಂದು, ಬೇರೆ ಕುಳಿತು, ತಾವೇ ತೊಳೆದುಕೊಂಡು ಹೋಗತಕ್ಕದ್ದು.’ ಕೆಳಗೆ ಮೊದಲ ಸಹಿ ಕರಿಬಸಪ್ಪನದು.

ಆಮೇಲೆ ಇನ್ನೊಂದು ಕಾಗದ ಹೊರಗೆ ಬಂತು. ಸ್ವಇಚ್ಛೆಯಿಂದ ಕೆಲಸ ಬಿಡುತ್ತೇನೆ ಎಂದು ಚೌಡವ್ವನ ಪರವಾಗಿ ಆಗಲೇ ಬರೆದಿಟ್ಟಿದ್ದರು. ಮಾಸ್ತರ ಮಸಿಯ ಡಬ್ಬಿಯನ್ನು ಪೆನ್ಸಿಲಿನ ತುದಿಯಿಂದ ಮೇಜಿನ ಅಂಚಿಗೆ ತಳ್ಳಿದ.

“ಹೆಬ್ಬಟ್ಟು ಒತ್ತವಾ.”

ಚೌಡವ್ವನಿಗೆ ಸಹಿ ಬರುತ್ತಿತ್ತು. ಹದಿನಾಲ್ಕು ವರ್ಷ ಹಾಜರಿ ಪುಸ್ತಕದಲ್ಲಿ ದಿನವೂ ಮಾಡಿದ್ದಳು, ಅದೇ ಮಾಸ್ತರನ ಎದುರಿಗೆ.

“ಆ ಹಾಳ್ಯಾಗ ಏನೈತಿ ಅಂತ ಬರದವ್ರ ಬಾಯಿಂದ ಕೇಳಿ ಬರ್ತೇನಿ,” ಎಂದಳು. “ಆಮ್ಯಾಲೆ ನೋಡೂನ್ರಿ.”

“ನಾವ ಓದಿ ಹೇಳಿದೆವಲ್ಲ?”

“ನೀವು ಓದಿದ್ದು ನನ್ನ ಜಾತಿರಿ. ಲಿವರ ಓದಿಲ್ಲ.”

ಅವಳು ಒಳಗೆ ಬಂದು ಮೇಜಿನ ಮೇಲಿನ ಎರಡು ಹಾಳೆಗಳನ್ನು ಎತ್ತಿಕೊಂಡಳು. ಕರಿಬಸಪ್ಪ ತನ್ನ ಕೈಯನ್ನು ಫಕ್ಕನೆ ಹಿಂದಕ್ಕೆ ಎಳೆದುಕೊಂಡ. ವೈದ್ಯಕೀಯವಾಗಿ ಎಳೆದುಕೊಂಡ.

ಮಾತಾಡುವಾಗ ಧೈರ್ಯ ಇತ್ತು. ಮನೆಗೆ ಬಂದ ಮೇಲೆ ಹೋಯಿತು. ನಾಲ್ಕಕ್ಕೆ ಮೂರು ಅಂದರೆ ಏನು? ಇನ್ನೊಂದು ಆದರೆ ಮುಗಿಯಿತೇ? ಚೌಡವ್ವನಿಗೆ ಸಾವಿನ ಹೆದರಿಕೆ ಆಯಿತು. ಅದಕ್ಕಿಂತ ದೊಡ್ಡದು ಇನ್ನೊಂದು ಹೆದರಿಕೆ. ಹದಿನಾಲ್ಕು ವರ್ಷ ಮಕ್ಕಳಿಗೆ ಅನ್ನದ ಜೊತೆ ಇದನ್ನೂ ಬಡಿಸಿದೆನೇ? ಅವಳು ತನ್ನ ತಾಟು, ತನ್ನ ಗ್ಲಾಸನ್ನು ಬೇರೆ ತೆಗೆದು ಜಗುಲಿಯ ಮೂಲೆಯಲ್ಲಿ ಇಟ್ಟಳು. ಠರಾವು ಅವಳ ಮನೆಯೊಳಗೂ ಬಂದು ಕೂತಿತು.

ಮಾರೆಪ್ಪ ಬೈದ. ಅವಳು ಕೇಳಲಿಲ್ಲ. ಸಂಜೆ ಇಮಾಮಬಿ ಬಂದಳು. ಮೂಲೆಯ ಗ್ಲಾಸು ನೋಡಿದಳು. ಅದನ್ನೇ ಎತ್ತಿಕೊಂಡು, ಚಹಾ ಬಗ್ಗಿಸಿಕೊಂಡು, ಸೊರ್ರನೆ ಕುಡಿದಳು.

“ಸತ್ತಗಿತ್ತೀಯೇ,” ಎಂದಳು ಚೌಡವ್ವ.

“ಸತ್ರ ನಿನ್ನ ಜೋಡೀನ ಸಾಯ್ತೇನಿ ಬಿಡು ಚೌಡಕ್ಕ. ಆ ಮಂದಿ ಜೋಡಿ ಬದುಕಿ ಏನ ಮಾಡೂದೈತಿ? ನಾಳೆ ಹುಬ್ಬಳ್ಳಿಗೆ ಹೋಗು. ಸಾಲಿ ಅಡಿಗಿ ನಾ ನೋಡ್ಕೋತೇನಿ.”

ಹುಬ್ಬಳ್ಳಿಯ ಡಾಕ್ಟರಮ್ಮನ ಹೆಸರು ವಿದ್ಯಾ. ಹಿರೇಕೆರೂರು ಕಡೆಯವಳು, ಮಾಸೂರಿನ ಗದ್ದೆಗಳಲ್ಲಿ ಕೂಲಿ ಮಾಡಿದವರ ಮಗಳು. ಚೌಡವ್ವನನ್ನು ಕುರ್ಚಿಯ ಮೇಲೆ ಕೂರಿಸಿದಳು. ಚೌಡವ್ವ ಅಂಚಿಗೆ ಕೂತಳು. ಹಿಂದಕ್ಕೆ ಸರಿದು ಕುಂತ್ಕೋರಿ ಎಂದಳು ವಿದ್ಯಾ.

“ಅಡಿಗಿ ಮಾಡ್ತೀರಲ್ಲ, ಅಡಿಗಿ ಮಾತಿನಾಗ ಹೇಳ್ತೇನಿ. ಇದರಾಗ ಎರಡ ನಂಬರು ಮುಖ್ಯ. ಒಂದು ಗ್ರೇಡು. ಅಂದ್ರ ಒಲಿ ಈಗ ಎಷ್ಟು ಉರಿಯಾಕತ್ತೇತಿ ಅಂತ. ನಿಮ್ದು ಎರಡು, ನಡು ಉರಿ. ಇನ್ನೊಂದು ಸ್ಟೇಜು. ಅಂದ್ರ ಇಲ್ಲೀತನಕ ಉರದು ತಳ ಎಷ್ಟು ಹತ್ತೇತಿ ಅಂತ. ನಿಮ್ದು ಮೂರು.”

“ನಾಕಕ್ಕ?”

“ನಾಕಕ್ಕ. ನಾಕು ಅಂದ್ರ ಲಿವರೆಲ್ಲಾ ಕಲೆಗಟ್ಟಿ ಗಟ್ಟಿ ಆದಂಗ. ನೀವು ಅದರಕಿಂತ ಒಂದ ಮೆಟ್ಟಲ ಈಕಡೆ ಅದೀರಿ.”

“ಸಾಯ್ತೇನೇನ್ರಿ?”

“ಉರಿ ಆರಿಸಿದ್ರ ಇಲ್ಲ. ಹನ್ನೆರಡ ವಾರ ದಿನಾ ಗುಳಿಗಿ ತಗೋಬೇಕು. ನೂರಾಗ ತೊಂಬತ್ತೈದ ಮಂದಿಗೆ ವೈರಸ್ ಹೋಗಿಬಿಡ್ತೈತಿ. ಹತ್ತಿದ ತಳ ಒಮ್ಮಿಗೇ ಬಿಡಂಗಿಲ್ಲ, ವರ್ಷ ಹೋದಂಗ ಸ್ವಲ್ಪ ಸ್ವಲ್ಪ ಬಿಡ್ತೈತಿ. ನೀವು ತಪಾಸಣಿಗೆ ಬರೂದ ಬಿಡಬ್ಯಾಡ್ರಿ.”

ಚೌಡವ್ವ ಉಸಿರು ಬಿಟ್ಟಳು. ಆಮೇಲೆ ಅದಕ್ಕಿಂತ ಮೆಲ್ಲಗೆ ಕೇಳಿದಳು. “ಸಾಲಿ ಮಕ್ಕಳಿಗೆ ಹತ್ತಿರತೈತೇನ್ರಿ?”

“ಇಲ್ಲ. ಇದು ಅನ್ನದಾಗ ಹೋಗಂಗಿಲ್ಲ, ತಾಟಿನಾಗ ಹೋಗಂಗಿಲ್ಲ, ಮುಟ್ಟಿದ್ರ ಹೋಗಂಗಿಲ್ಲ. ರಕ್ತದಿಂದ ರಕ್ತಕ್ಕ ಹೋಗ್ತೈತಿ. ಕೈ ಕೊಯ್ಕೊಂಡ್ರ ಪಟ್ಟಿ ಕಟ್ಕೋರಿ, ಅಷ್ಟ. ನಾಳೆನ ಅಡಿಗಿ ಮಾಡ್ರಿ.”

ಚೌಡವ್ವ ಅತ್ತಳು. ದವಾಖಾನೆಯಲ್ಲಿ ಅಳುವುದು ಹೊಸದಲ್ಲ, ವಿದ್ಯಾ ಗುಳಿಗೆಯ ಚೀಟಿ ಬರೆದಳು. ಕಣ್ಣು ಒರೆಸಿಕೊಂಡು ಚೌಡವ್ವ ಕೊನೆಯದನ್ನು ಕೇಳಿದಳು. “ಕುಡದ ಲಿವರ ಅಂತಾರ್ರಿ ನಮ್ಮೂರಾಗ.”

“ಕುಡದ್ರ ಗುರುತು ಬ್ಯಾರೆ ಇರ್ತಾವು. ನಿಮ್ಮದರಾಗ ಒಂದೂ ಇಲ್ಲ. ಇಲ್ಲೇ ಬರದಾರ.” ವಿದ್ಯಾ ಆ ಸಾಲಿನ ಕೆಳಗೆ ಗೆರೆ ಎಳೆದಳು. ಸಾಲು ಶುರುವಾಗುವ ಎರಡು ಅಕ್ಷರವನ್ನು ಬೆರಳಿಟ್ಟು ತೋರಿಸಿದಳು. “ಇದು ನೋ. ಅಂದ್ರ ಇಲ್ಲ.”

ಆ ಎರಡು ಅಕ್ಷರವನ್ನು ಚೌಡವ್ವ ಕಣ್ಣಿನಲ್ಲಿ ಇಟ್ಟುಕೊಂಡಳು. ಏಳುವಾಗ ವಿದ್ಯಾ ಕೇಳಿದಳು. “ನಿಮಗ ಯಾವಾಗರ ರಕ್ತ ಏರಿಸಿದ್ರೇನು? ಇಲ್ಲಾಂದ್ರ, ಊರಾಗ ಒಂದ ಸೂಜಿಲೆ ಭಾಳ ಮಂದಿಗೆ ಇಂಜೆಕ್ಷನ್ ಮಾಡವ್ರು ಯಾರರ ಇದ್ರು?”

ಇದ್ದ. ಅವನ ಹೆಸರು ಶಿವಯೋಗಿ. ಸವಣೂರಿನಲ್ಲಿ ಯಾವುದೋ ಡಾಕ್ಟರ ಹತ್ತಿರ ಬಾಟಲಿ ತೊಳೆದು, ಬರುವಾಗ ಒಂದು ಗಾಜಿನ ಸಿರಿಂಜು, ಎರಡು ಸೂಜಿ ತಂದು ತಾನೇ ಡಾಕ್ಟರನಾದವನು. ಸತ್ತು ಇಪ್ಪತ್ತು ವರ್ಷವಾಗಿದೆ. ನೆಗಡಿ, ಕೆಮ್ಮು, ಕಾಲುನೋವು, ಬೇಸರ, ಎಲ್ಲಕ್ಕೂ ಸೂಜಿ. ಊರು ಅವನನ್ನು ದೇವರಂತೆ ನೋಡುತ್ತಿತ್ತು. ಆದರೆ ಆ ದೇವರು ಓಣಿ ಸುತ್ತುವುದಕ್ಕೂ ಒಂದು ಕ್ರಮ ಇತ್ತು.

ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಚೌಡವ್ವ ಕಿಟಕಿಯ ಪಕ್ಕ ಕೂತು ಆ ಕ್ರಮವನ್ನು ನೆನಪು ಮಾಡಿಕೊಂಡಳು. ಆಗ ಅವಳಿಗೆ ಹದಿಮೂರು. ಗೌಡರ ಮನೆಯ ದನದ ಕೊಟ್ಟಿಗೆ ಬಳಿಯುತ್ತಿದ್ದಳು. ಬೆಳಗ್ಗೆ ಶಿವಯೋಗಿ ಮೊದಲು ಬರುವುದು ಅಲ್ಲಿಗೆ. ಕರಿಬಸಪ್ಪನ ತಾಯಿ ಮಹಾದೇವಕ್ಕ ಮಡಿಯಿಂದ ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ ಸೂಜಿ ಹಾಕುವಳು. ಆ ಮನೆಯಲ್ಲಿ ಚುಚ್ಚಿಸಿಕೊಂಡ ಮೇಲೆ ಮೇಲಿನ ಓಣಿ, ಆಮೇಲೆ ನಡು ಓಣಿ, ಎಲ್ಲ ಮುಗಿದು ಮಧ್ಯಾಹ್ನಕ್ಕೆ ಕೇರಿ. ನಡುವೆ ಎಲ್ಲಿಯೂ ಮತ್ತೆ ಕುದಿಸುವುದಿಲ್ಲ. ಹತ್ತಿಯಿಂದ ಒರೆಸಿದರೆ ಆಯಿತು. ಮಹಾದೇವಕ್ಕ ದಿನವೂ ಒಂದು ಮಾತು ಹೇಳಿ ಕಳಿಸುವಳು. “ಕೇರಿಗೆ ಕಡೀಕ ಹೋಗಪಾ. ಅವರ ರಕ್ತ ತಾಗಿದ ಸೂಜಿ ನಮಗ ಬ್ಯಾಡ.” ಶಿವಯೋಗಿ ಒಂದು ದಿನವೂ ತಪ್ಪಿಸಲಿಲ್ಲ. ಮಾರನೆಯ ಬೆಳಗ್ಗೆ ಮತ್ತೆ ತಾಮ್ರದ ಪಾತ್ರೆ, ಮತ್ತೆ ಕುದಿಯುವ ನೀರು.

ಆ ವರ್ಷವೇ ಕರಿಬಸಪ್ಪ ಟ್ರ್ಯಾಕ್ಟರು ಮಗುಚಿಕೊಂಡು ತೊಡೆ ಮುರಿದುಕೊಂಡ. ದಾವಣಗೆರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದರು. ಇದು ಗುಟ್ಟಲ್ಲ, ಮದುವೆ ಮುಂಜಿಯಲ್ಲಿ ಅವನೇ ಇಂದಿಗೂ ಹೇಳಿಕೊಳ್ಳುವ ಶೌರ್ಯ. ಮನೆಗೆ ಬಂದ ಮೇಲೆ ತಿಂಗಳು ಪೂರ್ತಿ ದಿನವೂ ಸೂಜಿ, ಅವನಿಗೇ ಮೊದಲು. ಅದೇ ತಿಂಗಳು ಚೌಡವ್ವನಿಗೆ ಬಿಡದ ಜ್ವರ. ಹದಿನೈದು ದಿನ ಸೂಜಿ, ಅವಳಿಗೇ ಕೊನೆಗೆ.

ಚೌಡವ್ವ ನಕ್ಕಳು. ತಡೆಯಲಾಗಲಿಲ್ಲ. ಪಕ್ಕದ ಸೀಟಿನವಳು ಸರಿದು ಕೂತಳು. ನಕ್ಕು ನಕ್ಕು ಪಕ್ಕೆಯ ಗಾಯ ಚುಳುಕ್ ಎಂದಿತು. ಆಮೇಲೆ ಆ ನಗು ಸಿಟ್ಟಾಯಿತು. ಬಂಕಾಪುರ ದಾಟಿ ಹಾನಗಲ್ಲು ಬರುವ ತನಕ ಆ ಸಿಟ್ಟು ಇಳಿಯಲಿಲ್ಲ.

ಮತ್ತೆ ಸಭೆ. ಈ ಸಲ ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಖಾಲಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತಳು. ಯಾರೂ ಏಳು ಅನ್ನಲಿಲ್ಲ. ಅನ್ನುವುದಕ್ಕೆ ಅದು ವೈದ್ಯಕೀಯವೋ ಅಲ್ಲವೋ ಗೊತ್ತಾಗಲಿಲ್ಲ.

“ಓದಿಸ್ಕೊಂಡ ಬಂದ್ಯಾ?” ಎಂದ ಕರಿಬಸಪ್ಪ.

“ಬಂದೇನ್ರಿ. ಉರಿ ಎರಡು, ತಳ ಮೂರು. ಗುಳಿಗಿ ಶುರು ಆಗ್ಯಾವು. ಅಡಿಗಿಯಿಂದ ಹತ್ತಂಗಿಲ್ಲಂತ ಬರದ ಕೊಟ್ಟಾರ.” ಡಾಕ್ಟರ ಕಾಗದವನ್ನು ಮೇಜಿನ ಮೇಲಿಟ್ಟಳು. “ರಕ್ತದಿಂದ ಅಷ್ಟ ಬರ್ತೈತಂತ. ನನಗ ಯಾರ ರಕ್ತ ಬಂತು ಅಂತ ಭಾಳ ವಿಚಾರ ಮಾಡಿದ್ನಿ.”

“ಯಾರದು?”

“ಶಿವಯೋಗಿ ಸೂಜಿ ನಿಮ್ಮ ಮನ್ಯಾಗ ಹುಟ್ತಿತ್ತು, ನಮ್ಮ ಕೇರ್ಯಾಗ ಸಾಯ್ತಿತ್ತು. ಮಾರನೇ ದಿನ ಕುದ್ದು ಮತ್ತ ಹುಟ್ತಿತ್ತು. ನಮ್ಮ ರಕ್ತ ಒಂದ ದಿನಾನೂ ಮ್ಯಾಲ ಹತ್ತಲಿಲ್ರಿ, ನಿಮ್ಮವ್ವಾರು ಹತ್ತಿಸಿಕೊಡಲಿಲ್ಲ. ನಿಮ್ಮೆಲ್ಲಾರ ರಕ್ತ ದಿನಾ ಕೆಳಗ ಇಳೀತು. ನನ್ನ ಮೈಯಾಗ ಇರೂದು ಯಾರದಂತ ದೇವರಿಗೂ ಗೊತ್ತಿಲ್ಲ. ಯಾವ ಕಡಿಂದ ಬಂತು ಅಂತ ನನಗ ಗೊತ್ತೈತಿ.”

ಸಭೆಯಲ್ಲಿ ಐವತ್ತು ದಾಟಿದವರೆಲ್ಲ ತಮ್ಮ ಸೊಂಟವನ್ನು ಒಮ್ಮೆ ಮುಟ್ಟಿಕೊಂಡರು.

“ಮುಟ್ಟೂದಿಲ್ಲ ಅಂದ್ರಿ,” ಎಂದಳು ಚೌಡವ್ವ. “ಮೂವತ್ತೈದ ವರ್ಷದ ಹಿಂದನ ಮುಟ್ಟೀರಿ. ಚರ್ಮದ ಒಳಗ ಹೋಗಿ ಮುಟ್ಟೀರಿ. ಈಗ ಹೆಬ್ಬಟ್ಟ ಕೇಳ್ತೀರಿ. ಒತ್ತಂಗಿಲ್ಲ. ಅಷ್ಟೂ ಖಾತ್ರಿ ಇದ್ರ ಶಿವಯೋಗಿ ಕಡೆ ಸೂಜಿ ಮಾಡಿಸ್ಕೊಂಡ ಎಲ್ಲಾರ ರಕ್ತ ತಪಾಸ ಮಾಡಸ್ರಿ. ಆಮ್ಯಾಲೆ ಮಾತಾಡೂನು.”

ಕರಿಬಸಪ್ಪ ಗಹಗಹಿಸಿ ನಕ್ಕ. “ಮಾಡಸ್ರಲೇ. ನಮ್ಮ ರಕ್ತ ನೋಡಿದ್ರ ಮಷೀನ ಕೈ ಮುಗೀತೈತಿ.”

ಶಿಬಿರ ಶಾಲೆಯಲ್ಲೇ ಆಯಿತು. ವಿದ್ಯಾ ಇಬ್ಬರು ನರ್ಸುಗಳನ್ನು ಕರೆದುಕೊಂಡು ಬಂದಳು. ಸಾಲು ನಿಲ್ಲುವಾಗ ಕರಿಬಸಪ್ಪ ಮುಂದೆ ಬಂದು, ಮೊದಲು ಮೇಲಿನ ಓಣಿ, ಆಮೇಲೆ ನಡು ಓಣಿ, ಕೇರಿಯವರದು ಕೊನೆಗೆ ಎಂದು ಹೇಳಿದ. ನರ್ಸು ಪ್ರತಿಯೊಬ್ಬರಿಗೂ ಹೊಸ ಸೂಜಿಯ ಪೊಟ್ಟಣ ಹರಿಯುತ್ತಿದ್ದಳು. ಇಮಾಮಬಿ ಅದನ್ನು ನೋಡಿ ಚೌಡವ್ವನ ಕಿವಿಯಲ್ಲಿ ಹೇಳಿದಳು. “ಇಷ್ಟೆಲ್ಲಾ ಆಗಿ ಇನ್ನೂ ಪಾಳಿ ಬಿಡವಲ್ಲರು ನೋಡು.”

ಎಂಟು ದಿನಕ್ಕೆ ಫಲಿತಾಂಶ ಬಂತು. ಹೆಸರುಗಳನ್ನು ಗುಟ್ಟಾಗಿ ಆಯಾ ಮಂದಿಗೇ ತಿಳಿಸಿದರು. ಆದರೆ ಹುಬ್ಬಳ್ಳಿಯ ಬಸ್ಸು ಹತ್ತುವವರನ್ನು ಊರು ಎಣಿಸದೆ ಇರುತ್ತದೆಯೇ? ಮೇಲಿನ ಓಣಿಯಿಂದ ಹನ್ನೊಂದು ಜನ. ನಡು ಓಣಿಯಿಂದ ಇಬ್ಬರು. ಕೇರಿಯಿಂದ ಚೌಡವ್ವನನ್ನು ಬಿಟ್ಟರೆ ಇನ್ನೊಬ್ಬಳು, ಮುದುಕಿ ಅನ್ನವ್ವ.

ಆ ವಾರ ಊರಿನ ವಿಜ್ಞಾನ ಒಮ್ಮೆಲೇ ಬೆಳೆಯಿತು. ಹೆಪಟೈಟಿಸ್ ಸಿ ಊಟದಿಂದ ಹರಡುವುದಿಲ್ಲ, ತಪ್ಪು ತಿಳುವಳಿಕೆ ಬೇಡ ಎಂದು ‘ನಮ್ಮೂರು ನಮ್ಮ ಹೆಮ್ಮೆ’ಯಲ್ಲಿ ಒಂದೇ ದಿನ ಆರು ಸಲ ಬಂತು. ರೋಗಿಗಳನ್ನು ಪ್ರೀತಿಯಿಂದ ಕಾಣಿರಿ ಎಂದು ಗುಲಾಬಿಯ ಜೊತೆ ಬಂತು. ಮಠದ ದಾಸೋಹಕ್ಕೆ ತಾಟು ಗ್ಲಾಸು ಹಿಡಿದುಕೊಂಡು ಹೋದವರು ಹನ್ನೊಂದರಲ್ಲಿ ಒಬ್ಬರೂ ಇಲ್ಲ. ಠರಾವು ಎಂಬುದು ಆಗಿತ್ತೇ ಎಂದು ಕೇಳಿದರೆ ಎಲ್ಲರಿಗೂ ಮರೆವು.

ಮೃತ್ಯುಂಜಯ ಮಾಸ್ತರ ಕೇರಿಯ ತುದಿಗೆ ಬಂದು ಚೌಡವ್ವನನ್ನು ಕರೆದ. “ಸೋಮವಾರದಿಂದ ಬಾರವಾ. ಮ್ಯಾಲಿನ ಓಣಿಯಿಂದ ಕರದ ತಂದಾಕಿ ಮೂರ ದಿನ ಅನ್ನಾ ಸೀಸಿದಳು.”

“ಠರಾವು ಐತಲ್ರಿ ಸರ.”

“ಅದನ್ನ ಯಾರ ನೋಡ್ತಾರ ಬಿಡು.”

“ನಾ ನೋಡ್ತೇನ್ರಿ. ಅದು ಇರೂತನಕ ಬರಂಗಿಲ್ಲ.”

ಕೆಲಸ ಬೇಕಾಗಿತ್ತು ಅವಳಿಗೆ. ಬೆಳಗಾದರೆ ಕೈಗಳು ಡಬರಿ ಹುಡುಕುತ್ತಿದ್ದವು. ಆದರೂ ಹೋಗಲಿಲ್ಲ.

ತಿಂಗಳಾಯಿತು. ಒಂದು ಮಧ್ಯಾಹ್ನ, ಕೇರಿಯವರೆಲ್ಲ ಕೂಲಿಗೆ ಹೋದ ಹೊತ್ತು ನೋಡಿ ಕರಿಬಸಪ್ಪ ಬಂದ. ಚುನಾವಣೆ ಬಿಟ್ಟು ಬೇರೆ ಯಾವುದಕ್ಕೂ ಆ ಮನೆಯವರು ಕೇರಿಗೆ ಕಾಲಿಟ್ಟಿದ್ದಿಲ್ಲ. ಚೌಡವ್ವ ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅವನ ಅಂಗಿಯ ಜೇಬಿನಲ್ಲಿ ಮಡಚಿದ ಎರಡು ಹಾಳೆ. ಮಡಿಕೆ ನೋಡಿಯೇ ಅವಳಿಗೆ ಗೊತ್ತಾಯಿತು.

“ಚೌಡವ್ವ,” ಎಂದ. ಚೌಡಿ ಅನ್ನಲಿಲ್ಲ. “ಇದನ್ನ ಸ್ವಲ್ಪ ನೋಡ್ತೀ ಏನವಾ.”

ಅವನಿಗೂ ಎಳೆ ತೆಗೆದಿದ್ದರು. ಅವನದೂ ವೈರಸ್ಸೋ ಮತ್ತೊಂದೋ ಎಂಬ ಗೊಂದಲವಂತೆ.

“ನಿಮ್ಮ ಸಂಜಯಗ ಇಂಗ್ಲಿಷ ಬರ್ತೈತಲ್ರಿ. ಮಗನ ಕಡೆ ಓದಸ್ರಿ.”

“ಅವನ ಮುಂದ ಬ್ಯಾಡ. ಡಾಕ್ಟರು ಹೇಳಿದ್ರು ಖರೆ. ಹೆದರಿಕ್ಯಾಗ ಕಿವಿ ಮುಚ್ಚಿದಂಗ ಆತು. ಒಂದೂ ಒಳಗ ಹೋಗಲಿಲ್ಲ.”

“ಕುಂತ್ಕೋರಿ.”

ಅವನು ಜಗುಲಿಯ ಅಂಚಿಗೆ ಕೂತ. ಚೌಡವ್ವ ತನ್ನ ವರದಿಯನ್ನೂ ತಂದು ಎರಡನ್ನೂ ಅಕ್ಕಿಯ ಪಕ್ಕ ಹಾಸಿದಳು. ಇಂಗ್ಲಿಷ್ ಬಾರದಿದ್ದರೂ ಯಾವ ನಂಬರು ಎಲ್ಲಿರುತ್ತದೆ ಎಂದು ಅವಳಿಗೆ ಬಾಯಿಪಾಠ ಆಗಿತ್ತು.

“ಉರಿ ಎರಡು. ತಳ ಮೂರು. ನಂದೂ ಅಷ್ಟ, ನಿಮ್ದೂ ಅಷ್ಟ.” ಆಮೇಲೆ ಗೆರೆ ಎಳೆದ ಸಾಲಿಗೆ ಬಂದಳು. ತನ್ನದರಲ್ಲಿ ಶುರುವಿಗೆ ಇದ್ದ ಎರಡು ಅಕ್ಷರ ಅವನದರಲ್ಲಿ ಇರಲಿಲ್ಲ. ಅವನ ಸಾಲಿಗೆ ವಿದ್ಯಾ ಎರಡು ಗೆರೆ ಎಳೆದಿದ್ದಳು. “ಗೌಡ್ರ, ನಂದರಾಗ ಇಲ್ಲ ಅಂತ ಐತಿ. ನಿಮ್ಮದರಾಗ ಆ ಇಲ್ಲ ಇಲ್ರಿ. ಕುಡದದ್ದ ಕಾಣಾಕತ್ತೇತಿ.”

ಕರಿಬಸಪ್ಪ ನೆಲ ನೋಡಿದ. ಸೇಡು ಬೇಕೆನಿಸಿತು ಚೌಡವ್ವನಿಗೆ. ಸುಳ್ಳು ಯಾಕೆ ಹೇಳಬೇಕು? ಇಮಾಮಬಿಯ ಮೊಬೈಲು ತರಿಸಿ ಫೋಟೊ ಹೊಡೆದು ಊರಿಗೆಲ್ಲ ಹಂಚಬೇಕೆನಿಸಿತು. ಅವನು ಅಂಗಿಯ ಚುಂಗನ್ನು ಬೆರಳಿಗೆ ಸುತ್ತಿ ಬಿಗಿಯುತ್ತಿದ್ದ. ಅವಳೂ ಒಮ್ಮೆ ಸಭೆಯ ಬಾಗಿಲಲ್ಲಿ ಸೆರಗನ್ನು ಹಾಗೆಯೇ ಬಿಗಿದಿದ್ದಳು. ಆಗ ಇವನು ನಕ್ಕಿದ್ದ. ಅವಳು ನಗಲಿಲ್ಲ. ಒಲೆಯ ಮಾತು, ತಳದ ಮಾತು, ಹನ್ನೆರಡು ವಾರದ ಮಾತು, ಸೆರೆ ಬಿಡಬೇಕಾದ ಮಾತು ಎಲ್ಲ ಬಿಡಿಸಿ ಹೇಳಿದಳು.

“ಉಳೀತೇನಿ ಅಂತೀ ಹಂಗಾರ?”

“ಉಳೀತೀರಿ. ನೀರ ಬೇಕೇನ್ರಿ?”

“ಕೊಡವಾ.”

“ಗಿಲಾಸ ತಂದೀರಿ? ಠರಾವಿನ ಪ್ರಕಾರ ತರಬೇಕಲ್ರಿ.”

ಅವನು ತನ್ನ ಖಾಲಿ ಕೈ ನೋಡಿಕೊಂಡ. ಅವಳು ತನ್ನ ಗ್ಲಾಸಿನಲ್ಲೇ ನೀರು ತಂದು ಮುಂದಿಟ್ಟಳು. ಅವನು ಗ್ಲಾಸು ನೋಡಿದ, ಅವಳನ್ನು ನೋಡಿದ, ಕುಡಿದ.

“ಆ ಪುಟ ಹರದ ಒಗಸ್ತೇನಿ,” ಎಂದ.

“ಹರೀಬ್ಯಾಡ್ರಿ. ಹರದ್ರ ನೀವು ಬರದದ್ದ ಸುಳ್ಳಾಗ್ತೈತಿ. ಅದರ ಕೆಳಗ ಬರೀರಿ. ಯಾರ ಸಲುವಾಗಿ ಬರದ್ರಿ, ಯಾಕ ಬರದ್ರಿ, ಕಡೀಕ ಅದು ಯಾರಿಗೆ ಹತ್ತಿತು. ನನ್ನ ಹೆಸರೂ ಬರೀರಿ, ನಿಮ್ಮ ಹೆಸರೂ ಬರೀರಿ. ಸಾಲಿ ಮುಂದ ಎಲ್ಲಾರೂ ಇದ್ದಾಗ ಓದ್ರಿ. ಅವತ್ತ ಬರ್ತೇನಿ.”

ಕರಿಬಸಪ್ಪ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡ. “ಸೋಮವಾರ ಓದಸ್ತೇನಿ,” ಎಂದು ಎದ್ದ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಓದಿದರು. ಮಾಸ್ತರ ಒಂದೆರಡು ಕಡೆ ಓದು ನಿಲ್ಲಿಸಿ ನೀರು ಕುಡಿದ. ‘ಚೌಡವ್ವ ಎಂಬುವರನ್ನು ಕೆಲಸದಿಂದ ತೆಗೆಯುವ ಸಲುವಾಗಿ’ ಎಂಬಲ್ಲಿ ಮೇಲಿನ ಓಣಿಯವರು ಗೋಡೆಯ ನಕಾಶೆ ನೋಡಿದರು. ಕೆಳಗೆ ಕರಿಬಸಪ್ಪ ಸಹಿ ಮಾಡಿದ. ಚೌಡವ್ವನೂ ಸಹಿ ಮಾಡಿದಳು, ಪೆನ್ನಿನಿಂದ. ಮಸಿಯ ಡಬ್ಬಿ ಮೇಜಿನ ಮೇಲೆ ಹಾಗೇ ಮುಚ್ಚಿತ್ತು.

ಮಧ್ಯಾಹ್ನ ಸಮಿತಿಯವರೂ ಮಕ್ಕಳ ಸಾಲಿನಲ್ಲಿ ಊಟಕ್ಕೆ ಕೂತರು. ಕರಿಬಸಪ್ಪ ರೂಢಿಯಂತೆ ಅಡಿಗೆ ಮನೆಯ ಬಾಗಿಲ ಪಕ್ಕ ಮೊದಲ ಜಾಗದಲ್ಲಿ ಕೂತು ತಾಟು ಮುಂದೆ ಎಳೆದುಕೊಂಡ. ಚೌಡವ್ವ ಸಾರಿನ ಬಕೀಟು, ಇಮಾಮಬಿ ಅನ್ನದ ಬುಟ್ಟಿ ಹಿಡಿದು ಹೊರಗೆ ಬಂದರು. ಚೌಡವ್ವ ಬಾಗಿಲಲ್ಲಿ ನಿಲ್ಲಲಿಲ್ಲ. ಸಾಲಿನುದ್ದಕ್ಕೂ ನಡೆದು ಕೊನೆಗೆ ಹೋದಳು. ಕೇರಿಯ ಮಕ್ಕಳು ತಲೆ ಎತ್ತಿ ನೋಡಿದವು. ಅಲ್ಲಿಂದ ಬಡಿಸಲು ಶುರು ಮಾಡಿದಳು.

ನೂರಾ ಎಂಬತ್ತು ತಾಟು ಮುಗಿಯುವ ತನಕ ಕರಿಬಸಪ್ಪ ಕಾದ. ಅವಳು ಅವನ ಹತ್ತಿರ ಬಂದಾಗ ಬಕೀಟಿನಲ್ಲಿ ಸಾರು ಇನ್ನೂ ಇತ್ತು, ಬಿಸಿಯೂ ಇತ್ತು. ಸೌಟು ತುಂಬ ಹಾಕಿದಳು.